ಡಬ್ಬದ ಮೇಲೆ ಹೆಸರಿರಲಿ: ಆಹಾರ ಸುರಕ್ಷತಾ ಆಯುಕ್ತರಿಗೆ ಒಬ್ಬ ಬೇಕರಿಯವನ ಬಹಿರಂಗ ಪತ್ರ

ಮಾನ್ಯ ಆಹಾರ ಸುರಕ್ಷತಾ ಆಯುಕ್ತರಿಗೆ,
ಕರ್ನಾಟಕ ಸರ್ಕಾರ, ಬೆಂಗಳೂರು

ನಮಸ್ಕಾರಗಳು.

ನಾನು ಹಾಸನ ಜಿಲ್ಲೆಯವನು. ಹದಿನೇಳನೇ ವಯಸ್ಸಿಗೆ ಬೆಂಗಳೂರಿನ ಒಂದು ಬೇಕರಿಗೆ ಕೆಲಸಕ್ಕೆ ಸೇರಿದೆ. ನಮ್ಮ ಕಡೆಯ ಎಷ್ಟೋ ಹುಡುಗರು ಹಾಗೇ ಹೋಗುತ್ತಾರೆ. ಹನ್ನೊಂದು ವರ್ಷ ದುಡಿದು ವಾಪಸ್ ಬಂದೆ. ಈಗ ಊರ ಹತ್ತಿರದ ಪೇಟೆಯಲ್ಲಿ ನನ್ನದೇ ಒಂದು ಸಣ್ಣ ಬೇಕರಿ ಇದೆ. ನಾಲ್ಕು ಜನ ಹುಡುಗರು ಕೆಲಸಕ್ಕಿದ್ದಾರೆ. ಕೇಕು, ಬನ್ನು, ಖಾರ, ಹಬ್ಬದ ದಿನಗಳಲ್ಲಿ ಸ್ವಲ್ಪ ಸ್ವೀಟು. ಇಷ್ಟೇ ನಮ್ಮ ವ್ಯಾಪಾರ.

ಈ ಪತ್ರ ಕೆಂಪು ಬಣ್ಣದ ಬಗ್ಗೆ. ಕೇಕಿಗೆ, ಸ್ವೀಟಿಗೆ ಹಾಕುವ ಕೆಂಪು ಪುಡಿಯ ಬಗ್ಗೆ. ತಿನ್ನುವವರ ಪರವಾಗಿ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಕಲಸುವವರ ಪರವಾಗಿಯೂ ಬರೆಯುತ್ತಿದ್ದೇನೆ.

ಮೊದಲು ನಡೆದದ್ದನ್ನು ಹೇಳುತ್ತೇನೆ. ಕಳೆದ ವರ್ಷ ಒಂದು ಹುಟ್ಟುಹಬ್ಬಕ್ಕೆ ದೊಡ್ಡ ಕೇಕಿನ ಆರ್ಡರ್ ಬಂತು. ಕೆಂಪು ಕ್ರೀಮ್ ಆಗಲೇಬೇಕು ಅಂದರು. ನಾನು ತರಿಸುವ ಬಣ್ಣದ ಡಬ್ಬಿ ಅವತ್ತು ಖಾಲಿ. ಪೇಟೆಯಲ್ಲಿ ಪೂಜೆ ಸಾಮಾನು ಮಾರುವ ಒಂದು ಗ್ರಂಥಿಗೆ ಅಂಗಡಿಗೆ ಹುಡುಗನನ್ನು ಕಳಿಸಿದೆ. ಅವನು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಐವತ್ತು ಗ್ರಾಂ ಕೆಂಪು ಪುಡಿ ತಂದ. ಕವರಿನ ಬಾಯಿಗೆ ರಬ್ಬರ್ ಬ್ಯಾಂಡ್. ಮೇಲೆ ಒಂದಕ್ಷರ ಇಲ್ಲ. "ಸ್ವೀಟಿಗೆ ಹಾಕೋದೇ, ಎಲ್ಲರೂ ಒಯ್ತಾರೆ ಅಂದ್ರು ಅಣ್ಣ" ಅಂದ. ನಾನೂ ಸುಮ್ಮನಾದೆ. ಅದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ.

ಹುಡುಗ ಕವರು ಬಿಚ್ಚುವಾಗ ತಲೆ ಮೇಲೆ ಫ್ಯಾನು ತಿರುಗುತ್ತಿತ್ತು. ಆ ಪುಡಿ ಎಷ್ಟು ನಯ ಅಂದರೆ ಉಸಿರು ತಾಗಿದರೂ ಎದ್ದುಬಿಡುತ್ತದೆ. ಭುಸ್ಸಂತ ಎದ್ದು ಅವನ ಮುಖಕ್ಕೆ, ಕಣ್ಣಿಗೆ ಹೊಡೆಯಿತು. ಕೂಗಿಕೊಂಡ. ನಲ್ಲಿಯ ಹತ್ತಿರ ಕರೆದುಕೊಂಡು ಹೋಗಿ ನೀರು ಹಾಕಿದೆವು. ಕೆನ್ನೆ ಮೇಲೆ ಕೆಂಪು ನೀರು ಇಳಿಯುತ್ತಾ ಇತ್ತು. ರಕ್ತವೋ ಬಣ್ಣವೋ ಗೊತ್ತಾಗದೆ ನಮಗೆಲ್ಲ ಕೈ ನಡುಗಿತು.

ಬೈಕಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಓಡಿದೆ. ಡಾಕ್ಟರು ಕಣ್ಣು ತೊಳೆಯುತ್ತಲೇ ಕೇಳಿದರು.

"ಏನು ಬಿದ್ದಿರೋದು ಕಣ್ಣಿಗೆ?"

"ಬಣ್ಣ ಡಾಕ್ಟ್ರೇ."

"ಯಾವ ಬಣ್ಣ? ಹೆಸರು ಹೇಳಿ. ಪ್ಯಾಕೆಟ್ ತಂದಿದ್ದೀರಾ?"

ನನ್ನ ಬಾಯಲ್ಲಿ ಬಂದದ್ದು ಒಂದೇ ಮಾತು. "ಕೆಂಪು."

ಇಪ್ಪತ್ತು ವರ್ಷಕ್ಕೂ ಜಾಸ್ತಿ ಈ ಪುಡಿಯನ್ನು ಕೈಯಲ್ಲಿ ಮುಟ್ಟಿದವನು ನಾನು. ಅದರ ಹೆಸರು ನನಗೆ ಗೊತ್ತಿರಲಿಲ್ಲ. ಹುಡುಗನ ಕಣ್ಣು ನಾಲ್ಕು ದಿನ ಕೆಂಪಗಿತ್ತು, ಆಮೇಲೆ ಸರಿಹೋಯಿತು. ದೇವರು ದೊಡ್ಡವನು. ಅವತ್ತು ರಾತ್ರಿ ಬೇಕರಿಗೆ ಬಂದವನೇ ಆ ಕವರನ್ನು ಚರಂಡಿಗೆ ಸುರಿದೆ. ಹಾಗೆ ಮಾಡಬಾರದಿತ್ತು. ಪರೀಕ್ಷೆಗೆ ಕೊಡಬೇಕಿತ್ತು. ಅದು ಏನಾಗಿತ್ತು ಅಂತ ಇವತ್ತಿಗೂ ನನಗೆ ತಿಳಿಯದು.

ಆಮೇಲೆ ಓದಲು ಕೂತೆ. ಗೊತ್ತಿದ್ದವರನ್ನು ಕೇಳಿದೆ. ತಿಳಿದದ್ದರಲ್ಲಿ ಮುಖ್ಯವಾದದ್ದನ್ನು ಇಲ್ಲಿ ಬರೆಯುತ್ತೇನೆ. ಇದೆಲ್ಲ ನಿಮಗೆ ಗೊತ್ತಿರುವುದೇ. ಆದರೆ ಈ ಪತ್ರವನ್ನು ನನ್ನಂಥ ಬೇಕರಿಯವರೂ ಓದಲಿ ಅಂತ ನನ್ನ ಆಸೆ.

ನಮ್ಮ ದೇಶದಲ್ಲಿ ಆಹಾರಕ್ಕೆ ಹಾಕಬಹುದು ಅಂತ ಕಾನೂನು ಬಹಳ ಕಾಲದಿಂದ ಒಪ್ಪಿರುವ ಕೆಂಪು ಬಣ್ಣಗಳು ಮೂರು. ಪಾನ್ಸೋ 4ಆರ್, ಕಾರ್ಮೋಸಿನ್, ಎರಿಥ್ರೋಸಿನ್. ಪ್ಯಾಕೆಟ್ ಮೇಲೆ ಇವುಗಳ ನಂಬರ್ 124, 122, 127. ಕೇಕಿನ ಮೇಲೆ ಇಡುವ ಚೆರ್ರಿಗೆ ಎರಿಥ್ರೋಸಿನ್ ಹಾಕುವುದಕ್ಕೆ ಒಂದು ಕಾರಣ ಇದೆಯಂತೆ. ಹುಳಿ ಇರುವ ಕಡೆ ಅದು ಕರಗುವುದಿಲ್ಲ, ಹಾಗಾಗಿ ಹಣ್ಣಿನಿಂದ ಬಿಟ್ಟು ಸುತ್ತಲಿನ ಕ್ರೀಮಿಗೆ ಹರಡುವುದಿಲ್ಲ. ಇಷ್ಟು ವರ್ಷ ಚೆರ್ರಿ ಇಟ್ಟ ನನಗೆ ಇದು ಹೊಸ ವಿಷಯ.

ಈ ಮೂರನ್ನೂ ಎಲ್ಲದಕ್ಕೂ ಹಾಕುವಂತಿಲ್ಲ. ಕೇಕು, ಬಿಸ್ಕತ್ತು, ಐಸ್‌ಕ್ರೀಮು, ಮಿಠಾಯಿ, ಹೀಗೆ ಪಟ್ಟಿಯಲ್ಲಿ ಇರುವುದಕ್ಕೆ ಮಾತ್ರ. ಅದರಲ್ಲೂ ಒಂದು ಕೆಜಿ ತಿನಿಸಿಗೆ 100 ಮಿಲಿಗ್ರಾಂ ಮೀರಬಾರದು. ಎರಡು ಮೂರು ಬಣ್ಣ ಸೇರಿಸಿದರೂ ಎಲ್ಲ ಕೂಡಿ ಅಷ್ಟೇ. ಗೋಬಿ ಮಂಚೂರಿಗೆ ಹಾಕಲು ಅವಕಾಶವೇ ಇಲ್ಲ.

ರೋಡಮೈನ್-ಬಿ ಅನ್ನುವುದು ಬೇರೆಯೇ. ಅದು ರೇಷ್ಮೆಗೆ, ಕಾಗದಕ್ಕೆ ಹಾಕುವ ಬಣ್ಣ. ಊಟದ ಬಣ್ಣ ಅಲ್ಲವೇ ಅಲ್ಲ. ಕಣ್ಣು ಕುಕ್ಕುವ ಗುಲಾಬಿ. ತಯಾರಿಸುವವರು ಕೊಡುವ ಅದರ ಸುರಕ್ಷತಾ ಪತ್ರದಲ್ಲಿ ಕಣ್ಣಿಗೆ ತೀವ್ರ ಹಾನಿ ಮಾಡುತ್ತದೆ, ನುಂಗಿದರೆ ಅಪಾಯ ಅಂತ ಬರೆದಿರುತ್ತದೆ. ಕೆಂಪು ಪುಡಿಗಳನ್ನು ಕವರಿನಲ್ಲಿ ಕಟ್ಟಿ ಪಕ್ಕಪಕ್ಕ ಇಟ್ಟರೆ ಯಾವುದು ಯಾವುದು ಅಂತ ಬರಿಗಣ್ಣಿಗೆ ಹೇಗೆ ಗೊತ್ತಾಗಬೇಕು? ಆ ಹುಡುಗನ ಕಣ್ಣಿಗೆ ಬಿದ್ದದ್ದು ಯಾವುದಿರಬಹುದು ಅಂತ ನೆನೆದಾಗಲೆಲ್ಲ ನನ್ನ ಹೊಟ್ಟೆ ಕಲಸುತ್ತದೆ.

ಇನ್ನು ಅಳತೆಯ ಮಾತು. ಬೆಂಗಳೂರಿನಲ್ಲಿ ನನಗೆ ಕೆಲಸ ಕಲಿಸಿದ ಮಾಸ್ಟರು ಒಳ್ಳೆಯವರು. ಅವರು ಹೇಳುತ್ತಿದ್ದದ್ದು ಹೀಗೆ: "ಬಣ್ಣಕ್ಕೆ ತಕ್ಕಡಿ ಬೇಡ ಕಣೋ, ಕಣ್ಣು ಸಾಕು." ನಾವೆಲ್ಲ ಹಾಗೇ ಕಲಿತೆವು. ಮೂರು ಬೆರಳಲ್ಲಿ ಎತ್ತಿ ಉದುರಿಸುವುದು, ಕಲಸುವುದು, ಸಾಲದಿದ್ದರೆ ಇನ್ನೊಂದು ಚಿಟಿಕೆ. ಈ ಘಟನೆ ಆದಮೇಲೆ ನಮ್ಮ ಬೀದಿಯ ಅಕ್ಕಸಾಲಿಯ ಹತ್ತಿರ ಹೋದೆ. ಚಿನ್ನ ತೂಗುವ ತಕ್ಕಡಿಯಲ್ಲಿ ನನ್ನ ಚಿಟಿಕೆಯನ್ನು ತೂಗಿಸಿದೆ. ಐದು ಕೆಜಿ ಕೇಕಿನ ಕಲಸಿಗೆ ನಾನು ಹಾಕುತ್ತಿದ್ದದ್ದು ನಾಲ್ಕು ಚಿಟಿಕೆ. ಒಂದೂಮುಕ್ಕಾಲು ಗ್ರಾಂ ಬಂತು. ಕಾನೂನಿನ ಲೆಕ್ಕದಲ್ಲಿ ಐದು ಕೆಜಿಗೆ ಅರ್ಧ ಗ್ರಾಂ. ಪುಡಿಯಲ್ಲಿ ಬಣ್ಣದ ಜೊತೆ ಉಪ್ಪೋ ಇನ್ನೊಂದೋ ಬೆರೆಸಿರುವುದೂ ಉಂಟು. ಅದಕ್ಕೇ ಪ್ಯಾಕೆಟ್ ಮೇಲೆ ಅಸಲು ಬಣ್ಣ ನೂರಕ್ಕೆ ಎಷ್ಟು ಅಂತ ಬರೆದಿರಬೇಕು. ಬರೆದಿರದ ಕವರಿನಲ್ಲಿ ಅದೂ ಗೊತ್ತಾಗುವುದಿಲ್ಲ. ಅಚ್ಚ ಬಣ್ಣವೇ ಆಗಿದ್ದರೆ ನಾನು ಮಿತಿಯ ಮೂರೂವರೆ ಪಟ್ಟು ಹಾಕುತ್ತಿದ್ದೆ. ಅದನ್ನು ತಿಂದದ್ದು ನಮ್ಮೂರ ಮಕ್ಕಳೇ. ನನ್ನ ಮಗಳೂ ತಿಂದಿದ್ದಾಳೆ.

ಇದರಿಂದ ಏನಾಗುತ್ತದೆ ಅಂತ ಹೆದರಿಸಲು ನನಗೆ ಇಷ್ಟವಿಲ್ಲ. ಒಂದು ತುಂಡು ಕೇಕು ತಿಂದ ತಕ್ಷಣ ಯಾರಿಗೂ ಕ್ಯಾನ್ಸರ್ ಬರುವುದಿಲ್ಲ. ಆದರೆ ಒಂದು ಲೆಕ್ಕ ನೋಡಿ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2009ರಲ್ಲಿ ಪಾನ್ಸೋ 4ಆರ್‌ನ ದಿನದ ಮಿತಿಯನ್ನು ಮೈತೂಕದ ಪ್ರತಿ ಕೆಜಿಗೆ 4 ಮಿಲಿಗ್ರಾಂನಿಂದ 0.7 ಮಿಲಿಗ್ರಾಂಗೆ ಇಳಿಸಿತು. ಹದಿನೈದು ಕೆಜಿ ತೂಕದ ಮಗುವಿಗೆ ದಿನಕ್ಕೆ ಹತ್ತೂವರೆ ಮಿಲಿಗ್ರಾಂ ಆಯಿತು. ಕಾನೂನಿನ ಅಳತೆಯಲ್ಲೇ ಮಾಡಿದ ನೂರು ಗ್ರಾಂ ಕೇಕಿನಲ್ಲಿ ಹತ್ತು ಮಿಲಿಗ್ರಾಂ ಇರಬಹುದು. ನನ್ನ ಚಿಟಿಕೆಯ ಕೇಕಿನಲ್ಲಿ ಮೂವತ್ತೈದು. ಮಗು ಅದೇ ದಿನ ಐಸ್‌ಕ್ಯಾಂಡಿ, ಜೆಲ್ಲಿ, ಬಣ್ಣದ ಶರಬತ್ತು ಬೇರೆ ಮುಟ್ಟಿದರೆ?

2007ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದವರು ಮೂರು ವರ್ಷದ ಮತ್ತು ಎಂಟೊಂಬತ್ತು ವರ್ಷದ ಮಕ್ಕಳಿಗೆ ಇಂಥ ಬಣ್ಣಗಳ ಮಿಶ್ರಣ ಕೊಟ್ಟು ನೋಡಿದ್ದರು. ಕೆಲವು ಮಕ್ಕಳಲ್ಲಿ ಚಡಪಡಿಕೆ ಜಾಸ್ತಿ ಕಂಡಿತು. ಅದಾದ ಮೇಲೆ ಯುರೋಪಿನಲ್ಲಿ 2010ರ ಜುಲೈನಿಂದ ಪಾನ್ಸೋ 4ಆರ್, ಕಾರ್ಮೋಸಿನ್ ಸೇರಿ ಆರು ಬಣ್ಣಗಳ ತಿನಿಸಿನ ಮೇಲೆ ಎಚ್ಚರಿಕೆ ಬರೆಯಲೇಬೇಕು. ಮಕ್ಕಳ ಚಟುವಟಿಕೆ ಮತ್ತು ಗಮನದ ಮೇಲೆ ಕೆಟ್ಟ ಪರಿಣಾಮ ಆಗಬಹುದು ಅಂತ. ಎರಿಥ್ರೋಸಿನ್ ಅನ್ನು ಅಮೆರಿಕದವರು 2025ರ ಜನವರಿಯಲ್ಲಿ ಆಹಾರದ ಪಟ್ಟಿಯಿಂದ ತೆಗೆಯಲು ನಿರ್ಧರಿಸಿದರು. ತಿನಿಸು ಮಾಡುವವರಿಗೆ 2027ರ ಜನವರಿವರೆಗೆ ಸಮಯ ಕೊಟ್ಟರು. ಗಂಡು ಇಲಿಗಳಲ್ಲಿ ಗೆಡ್ಡೆ ಕಂಡದ್ದು ಅದಕ್ಕೆ ಕಾರಣ. ಮನುಷ್ಯರಲ್ಲಿ ಹಾಗೆ ಆಗುತ್ತದೆ ಅಂತ ಅವರೂ ಹೇಳಿಲ್ಲ. ಆದರೂ ತೆಗೆದರು.

ನಮ್ಮ ಸರ್ಕಾರವೂ ಕೈಕಟ್ಟಿ ಕೂತಿಲ್ಲ, ಅದನ್ನು ಹೇಳಲೇಬೇಕು. 2024ರ ಮಾರ್ಚ್ 11ರಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು ಬಣ್ಣ ಹಾಕಿದ ಗೋಬಿ ಮಂಚೂರಿ ಮತ್ತು ಕಾಟನ್ ಕ್ಯಾಂಡಿ ನಿಲ್ಲಿಸಿದರು. ಗೋಬಿಯ 171 ಮಾದರಿಯಲ್ಲಿ 107ರಲ್ಲಿ, ಕಾಟನ್ ಕ್ಯಾಂಡಿಯ 25ರಲ್ಲಿ 15ರಲ್ಲಿ ಕೃತಕ ಬಣ್ಣ ಸಿಕ್ಕಿತ್ತು. ಜೂನ್‌ನಲ್ಲಿ ಕಬಾಬ್‌ಗೂ ಬಣ್ಣ ಬೇಡ ಅಂದಿರಿ. ಅಲ್ಲಿ 39ರಲ್ಲಿ 8. ಅಕ್ಟೋಬರ್‌ನಲ್ಲಿ ನಮ್ಮ ಸರದಿ ಬಂತು. ಬೆಂಗಳೂರಿನ ಬೇಕರಿಗಳ 235 ಕೇಕಿನಲ್ಲಿ 12ರಲ್ಲಿ ತೊಂದರೆ ಅಂತ ಪೇಪರಿನಲ್ಲಿ ಓದಿದೆ. ಆ ಹನ್ನೆರಡರ ಜೊತೆ ಬಂದ ಬಣ್ಣದ ಹೆಸರುಗಳಲ್ಲಿ ಪಾನ್ಸೋ 4ಆರ್, ಕಾರ್ಮೋಸಿನ್ ಸಹ ಇದ್ದವು. ಇವೆರಡೂ ಕೇಕಿಗೆ ಹಾಕಲು ಕಾನೂನೇ ಒಪ್ಪಿದ ಬಣ್ಣಗಳು. ಇಂಥ ಕಡೆ ಎಡವುವುದು ಅಳತೆಯಲ್ಲಿ. ಅಳೆಯುವುದನ್ನು ನಮಗೆ ಯಾರು ಕಲಿಸಿದ್ದಾರೆ?

ನನ್ನ ದೂರು ಇಷ್ಟೇ ಸ್ವಾಮಿ. ತಪಾಸಣೆ ತಟ್ಟೆಯಿಂದ ಶುರುವಾಗುತ್ತಿದೆ. ಗೋಬಿ ಗಾಡಿಯವನ ಬಾಣಲೆ, ಜಾತ್ರೆಯಲ್ಲಿ ಬಾಂಬೆ ಮಿಠಾಯಿ ಸುತ್ತುವವನ ಕೋಲು, ನನ್ನಂಥವನ ಕೇಕು. ಮಾದರಿ ಒಯ್ಯುತ್ತಾರೆ, ಏಳು ವರ್ಷ ಜೈಲು, ಹತ್ತು ಲಕ್ಷ ದಂಡ ಅನ್ನುವ ಮಾತು ಬರುತ್ತದೆ. ತಪ್ಪು ಮಾಡಿದವನಿಗೆ ಶಿಕ್ಷೆ ಬೇಡ ಅನ್ನುತ್ತಿಲ್ಲ. ಆದರೆ ಆ ಪುಡಿ ಗಾಡಿಯವನ ಮನೆಯಲ್ಲಿ ಹುಟ್ಟಿದ್ದಲ್ಲ. ಅದು ಎಲ್ಲೋ ತಯಾರಾಗಿ, ಮೂಟೆಯಲ್ಲಿ ಬಂದು, ಅಂಗಡಿಯಲ್ಲಿ ಬಿಡಿಯಾಗಿ ಹರಿದು, ಹೆಸರು ಕಳೆದುಕೊಂಡು ನಮ್ಮ ಕೈಗೆ ಬರುತ್ತದೆ. ಆಮೇಲೆ ನಾನೇ ಆ ಅಂಗಡಿಗೆ ಹೋಗಿ ನೋಡಿದೆ. ಕುಂಕುಮ, ರಂಗೋಲಿ ಬಣ್ಣ, ಸ್ವೀಟಿನ ಬಣ್ಣ ಎಲ್ಲ ಒಂದೇ ಸಾಲಿನ ಡಬ್ಬಗಳಲ್ಲಿದ್ದವು. ತೆಗೆಯುವ ಚಮಚವೂ ಒಂದೇ. ಅಂಗಡಿಯವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಅಪ್ಪನ ಕಾಲದಿಂದ ಹಾಗೇ ನಡೆದಿದೆ. ಯಾರೂ ಬಂದು ಕೇಳಿಲ್ಲ.

ಇನ್ನೊಂದು ಮಾತು, ಇದನ್ನು ಯಾರೂ ಬರೆದದ್ದು ನಾನು ನೋಡಿಲ್ಲ. ಈ ಪುಡಿ ತಿನ್ನುವವರಿಗಿಂತ ಮೊದಲು ಮುಟ್ಟುವುದು ಕಲಸುವವರನ್ನು. ಬೆಂಗಳೂರಿನಲ್ಲಿ ಬಣ್ಣ ಕಲಸುವ ಕೆಲಸ ನನಗೇ ಇತ್ತು, ಚಿಕ್ಕವನು ಅಂತ. ಹಾಲಿನ ಪುಡಿಯ ಹಳೇ ಡಬ್ಬ, ಅದರಲ್ಲಿ ಕೈ ಹಾಕಿ ತೆಗೆಯುವುದು. ಮೂಗು ಒರೆಸಿದರೆ ಕರ್ಚೀಫು ಗುಲಾಬಿ. ಉಗುಳಿದರೆ ಕೆಂಪು. ದೀಪಾವಳಿಗೆ ಊರಿಗೆ ಹೋದಾಗ ಅವ್ವ ನನ್ನ ಉಗುರು ನೋಡಿ, "ಇದೇನ್ಲಾ ಮದರಂಗಿ ಹಾಕ್ಕೊಂಡಿದೀಯ" ಅಂತ ಕೇಳಿದ್ದಳು. ನಮ್ಮ ಜೊತೆಗಿದ್ದ ಒಬ್ಬನಿಗೆ ಬಣ್ಣದ ಡಬ್ಬ ತೆಗೆದ ದಿನವೆಲ್ಲ ಸೀನು, ಮೈಮೇಲೆ ದದ್ದು, ರಾತ್ರಿ ಉಬ್ಬಸ. ಅದು ಬಣ್ಣದಿಂದಲೋ ಮೈದಾ ಧೂಳಿನಿಂದಲೋ ಯಾರೂ ನೋಡಲಿಲ್ಲ. ಅವನು ಕೆಲಸ ಬಿಟ್ಟು ಹೋದ. ಇಂಥ ಬಣ್ಣಗಳು ಕೆಲವರಿಗೆ ಒಗ್ಗುವುದಿಲ್ಲ, ಉಬ್ಬಸ ಇರುವವರು ಜಾಸ್ತಿ ಹುಷಾರಾಗಿರಬೇಕು ಅಂತ ಈಗ ಓದಿ ತಿಳಿದೆ.

ನನ್ನ ಬೇಕರಿಯಲ್ಲಿ ಈಗ ಹೀಗೆ ಮಾಡುತ್ತೇವೆ. ದೊಡ್ಡ ಖರ್ಚೇನೂ ಇಲ್ಲ. ಬಣ್ಣವನ್ನು ಅದು ಬಂದ ಪ್ಯಾಕೆಟ್ಟಿನಲ್ಲೇ ಇಡುತ್ತೇವೆ, ಬೇರೆ ಡಬ್ಬಕ್ಕೆ ಸುರಿಯುವುದಿಲ್ಲ. ತೆರೆಯುವಾಗ ಫ್ಯಾನು ಬಂದ್. ಮಾಸ್ಕು, ಗ್ಲೌಸು, ಕಣ್ಣಿಗೆ ಕನ್ನಡಕ. ಅಕ್ಕಸಾಲಿಯ ತಕ್ಕಡಿಯಂಥದೇ ಒಂದು ಚಿಕ್ಕ ತಕ್ಕಡಿ ಕೊಂಡೆ. ವಾರಕ್ಕೊಮ್ಮೆ ಒಬ್ಬನೇ ಕೂತು ಒಂದು ಗ್ರಾಂ ಬಣ್ಣವನ್ನು ತೂಗಿ, ಕುದಿಸಿ ಆರಿಸಿದ ನೀರಿನಲ್ಲಿ ಕರಗಿಸಿ, ಸರಿಯಾಗಿ ನೂರು ಎಂಎಲ್ ಮಾಡಿ, ಬಾಟಲಿಗೆ ಹೆಸರು, ತಾರೀಖು ಬರೆದು ಫ್ರಿಜ್ಜಿನಲ್ಲಿ ಇಡುತ್ತೇನೆ. ಅದರ ಒಂದು ಎಂಎಲ್‌ನಲ್ಲಿ ಹತ್ತು ಮಿಲಿಗ್ರಾಂ. ಒಂದು ಕೆಜಿ ಕೇಕಿಗೆ ಹತ್ತು ಎಂಎಲ್ ಅಂದರೆ ಕಾನೂನಿನ ಗೆರೆ. ನಾವು ನಾಲ್ಕರಲ್ಲೇ ನಿಲ್ಲಿಸುತ್ತೇವೆ. ಔಷಧಿ ಅಂಗಡಿಯ ಸಿರಿಂಜಿನಲ್ಲಿ ಅಳೆದು ಹಾಕುವುದು. ಪುಡಿ ಹಾರುವ ಗೋಳೇ ಇಲ್ಲ. ಚೆಲ್ಲಿದರೆ ಒಣಪೊರಕೆ ಹಾಕದೆ ಒದ್ದೆ ಬಟ್ಟೆಯಲ್ಲಿ ಒರೆಸುತ್ತೇವೆ. ಕಣ್ಣಿಗೆ ಬಿದ್ದರೆ ಹದಿನೈದು ನಿಮಿಷ ನೀರು ಹರಿಸಬೇಕು, ಪ್ಯಾಕೆಟ್ ಹಿಡಿದುಕೊಂಡೇ ಆಸ್ಪತ್ರೆಗೆ ಹೋಗಬೇಕು ಅಂತ ಗೋಡೆಗೆ ಬರೆದು ಅಂಟಿಸಿದ್ದೇನೆ. ಕೇಕಿನ ಕೆಂಪು ಮೊದಲಿಗಿಂತ ತಿಳಿಯಾಗಿದೆ. ಗಿರಾಕಿ ಕಮ್ಮಿಯಾಗಿಲ್ಲ.

ಖಾರಕ್ಕೆ ಬಣ್ಣ ಹಾಕುವುದನ್ನು ಪೂರ್ತಿ ಬಿಟ್ಟೆವು. ಬ್ಯಾಡಗಿ ಮೆಣಸಿನಕಾಯಿ ಪುಡಿ ಹಾಕುತ್ತೇವೆ. ಖಾರ ಕಮ್ಮಿ, ಕೆಂಪು ಜಾಸ್ತಿ. ಹಾವೇರಿ ಜಿಲ್ಲೆಯ ಬೆಳೆ, ಅದರ ಬಣ್ಣದ ಎಣ್ಣೆ ತೆಗೆದು ಹೊರದೇಶಕ್ಕೆ ಕಳಿಸುತ್ತಾರೆ. ಅಂಥ ಕೆಂಪು ನಮ್ಮ ನಾಡಿನಲ್ಲೇ ಬೆಳೆಯುವಾಗ ಗೋಬಿ ಗಾಡಿಯವನು ಕವರಿನ ಪುಡಿ ಹುಡುಕಿಕೊಂಡು ಹೋಗುವುದು ನನಗೆ ಸಂಕಟ ಅನಿಸುತ್ತದೆ. ಒಳ್ಳೆಯ ಬ್ಯಾಡಗಿಗೆ ದುಡ್ಡು ಜಾಸ್ತಿ, ಅದು ನಿಜ. ಐವತ್ತು ರೂಪಾಯಿಯ ಪ್ಲೇಟಿನಲ್ಲಿ ಅವನ ಲಾಭ ಎಷ್ಟು ಉಳಿಯುತ್ತದೆ ಅಂತಲೂ ನನಗೆ ಗೊತ್ತು.

ಈಗ ನನ್ನ ಬೇಡಿಕೆಗಳು.

ಬಿಡಿ ಬಣ್ಣದ ಮಾರಾಟ ನಿಲ್ಲಿಸಿ. ಎಲ್ಲಕ್ಕಿಂತ ಮೊದಲು ಇದು. ತಿನ್ನುವ ಬಣ್ಣ ಅಂತ ಮಾರುವ ಪ್ರತಿಯೊಂದೂ ಮುಚ್ಚಿದ ಪ್ಯಾಕೆಟ್ಟಿನಲ್ಲಿ ಇರಲಿ. ರಂಗೋಲಿ ಬಣ್ಣದ ಪಕ್ಕ ಅದನ್ನು ಇಡದ ಹಾಗೆ ಮಾಡಿ. ನಿಮ್ಮ ಅಧಿಕಾರಿಗಳು ಮಾದರಿ ಒಯ್ಯುವಾಗ ಗಾಡಿಯವನ ಬಾಣಲೆಯಿಂದ ಹಿಂದಕ್ಕೆ ನಡೆದು ಅವನಿಗೆ ಪುಡಿ ಮಾರಿದ ಅಂಗಡಿ, ಅಂಗಡಿಗೆ ಮಾರಿದ ಹೋಲ್‌ಸೇಲಿನವರು, ಅಲ್ಲಿಂದ ತಯಾರಿಸಿದವರವರೆಗೂ ಹೋಗಲಿ. ಬಿಲ್ ಇಲ್ಲ ಅಂದರೆ ಅಲ್ಲೇ ಕೇಸು ಹಾಕಲಿ.

ಪ್ಯಾಕೆಟ್ ಮೇಲೆ ಕನ್ನಡ ಬೇಕು. ನಾನು ಈಗ ತರಿಸುವ ಡಬ್ಬಿಯ ಮೇಲೆ ಎಲ್ಲವೂ ಸಣ್ಣ ಅಕ್ಷರದ ಇಂಗ್ಲಿಷಿನಲ್ಲಿದೆ. ನನ್ನ ಹುಡುಗರಲ್ಲಿ ಇಬ್ಬರಿಗೆ ಅದು ಓದಲು ಬರುವುದಿಲ್ಲ. ಯಾವ ಬಣ್ಣ, ಯಾವುದಕ್ಕೆ ಹಾಕಬಹುದು, ಯಾವುದಕ್ಕೆ ಹಾಕಬಾರದು, ಒಂದು ಕೆಜಿಗೆ ಎಷ್ಟು, ಕಣ್ಣಿಗೆ ಬಿದ್ದರೆ ಏನು ಮಾಡಬೇಕು. ಇಷ್ಟನ್ನು ಕನ್ನಡದಲ್ಲಿ ಬರೆಸಿ. ಕೇಂದ್ರದ ನಿಯಮ ಅಡ್ಡ ಬರುವುದಾದರೆ ಒಂದು ಕನ್ನಡ ಚೀಟಿಯನ್ನಾದರೂ ಜೊತೆಗೆ ಕೊಡುವ ಹಾಗೆ ಮಾಡಿ.

ತರಬೇತಿ ಕೊಡಿ, ಕೆಲಸ ಮಾಡುವ ಜಾಗಕ್ಕೇ ಬಂದು ಕೊಡಿ. ನೂರು ರೂಪಾಯಿ ಕಟ್ಟಿ ನೋಂದಣಿ ಮಾಡಿಸಿದಾಗ ನನಗೆ ಒಂದು ಕಾಗದ ಸಿಕ್ಕಿತು. ಅದನ್ನು ಫ್ರೇಮ್ ಹಾಕಿಸಿ ಗಲ್ಲಾದ ಹಿಂದೆ ತೂಗುಹಾಕಿದ್ದೇನೆ. ಬಣ್ಣ ಹೇಗೆ ಅಳೆಯಬೇಕು ಅಂತ ಒಬ್ಬರೂ ಹೇಳಿಕೊಡಲಿಲ್ಲ. ಮಾಲೀಕರಿಗೆ ಮಾತ್ರ ಹೇಳಿದರೆ ಸಾಲದು, ಕಲಸುವ ಹುಡುಗನೂ ಅಲ್ಲಿ ಕೂತಿರಬೇಕು. ತರಬೇತಿಗೆ ಬಂದವರಿಗೆ ಒಂದು ಚಿಕ್ಕ ತಕ್ಕಡಿ ಕೊಟ್ಟರೆ ಎಷ್ಟೋ ಉಪಕಾರ. ಮಾಸ್ಕು, ಗ್ಲೌಸು ಇದೆಯೋ ಇಲ್ಲವೋ ಅಂತಲೂ ತಪಾಸಣೆಯ ಪಟ್ಟಿಯಲ್ಲಿ ಸೇರಿಸಿ.

ಕೊನೆಯದು ಪರೀಕ್ಷೆಯ ವಿಷಯ. ಆಹಾರ ಕೊಂಡವರು ಶುಲ್ಕ ಕಟ್ಟಿ ಅದನ್ನು ಪರೀಕ್ಷೆಗೆ ಕೊಡಬಹುದು ಅಂತ 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೇ ಸೆಕ್ಷನ್ ಹೇಳುತ್ತದೆ. ಇದು ನನಗೆ ಪುಡಿ ಚರಂಡಿಗೆ ಸುರಿದ ಮೇಲೆ ಗೊತ್ತಾಯಿತು. ತಾಲ್ಲೂಕು ಮಟ್ಟದಲ್ಲಿ ತಿಂಗಳಿಗೊಂದು ದಿನ ಇಂಥ ಪರೀಕ್ಷೆ ಇಡಿ. ನಿಮ್ಮ ಪರೀಕ್ಷಾ ವ್ಯಾನು ಸಂತೆಯ ದಿನ ಬಂದು ನಿಲ್ಲಲಿ. ಅವತ್ತು ತಾವಾಗಿಯೇ ಪುಡಿ ತಂದು ತೋರಿಸಿದವರ ಮೇಲೆ ಕೇಸು ಹಾಕುವುದಿಲ್ಲ ಅಂತ ಭರವಸೆ ಕೊಡಿ. ನೋಡಿ, ಎಷ್ಟು ಜನ ತರುತ್ತಾರೆ.

ಪೇಟೆಯ ಬೇಕರಿಯವರು, ಗೋಬಿ ಗಾಡಿಯವರು, ಮನೆಯಲ್ಲೇ ಕೇಕು ಮಾಡಿ ಮಾರುವ ಹೆಣ್ಣುಮಕ್ಕಳು ಸೇರಿ ಮೂವತ್ತು ಜನರ ಹತ್ತಿರ ಮಾತಾಡಿದ್ದೇನೆ. ತರಬೇತಿ ಇದ್ದರೆ ಬರುತ್ತೇವೆ ಅಂದಿದ್ದಾರೆ. ಗ್ರಂಥಿಗೆ ಅಂಗಡಿಯವರೂ ಒಪ್ಪಿದ್ದಾರೆ. ಜಾಗಕ್ಕೆ ನೀವು ಯೋಚಿಸಬೇಡಿ. ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ ನಮ್ಮ ಒಲೆ ಆರಿರುತ್ತದೆ, ಬೇಕರಿಯ ಹಿಂದಿನ ಶೆಡ್ಡಿನಲ್ಲಿ ನಲವತ್ತು ಜನ ಕೂರಬಹುದು. ಕಣ್ಣಿಗೆ ಬಣ್ಣ ಬಿದ್ದಿದ್ದ ಹುಡುಗ ಈಗಲೂ ನಮ್ಮಲ್ಲೇ ಇದ್ದಾನೆ. ಬಂದವರಿಗೆ ಸಿರಿಂಜಿನಲ್ಲಿ ಅಳೆಯುವುದನ್ನು ತಾನೇ ತೋರಿಸುತ್ತೇನೆ ಅಂತ ಹೇಳಿದ್ದಾನೆ. ಯಾವ ಭಾನುವಾರ ಅಂತ ತಿಳಿಸಿ.

ಇಂತಿ ನಮಸ್ಕಾರಗಳೊಂದಿಗೆ,
ಹಾಸನ ಜಿಲ್ಲೆಯ ಒಬ್ಬ ಬೇಕರಿಯವನು